ನ್ಯಾನ್ಸಿ ಡ್ರೂ: ಎರಡು ಪಾಠಗಳು

ಬಾಲ್ಯದಲ್ಲಿ ನ್ಯಾನ್ಸಿ ಡ್ರೂ ಪತ್ತೇದಾರಿ ಕಾದಂಬರಿಗಳನ್ನೋದಿದ ಮುಂಬಯಿ ಕನ್ನಡತಿಯು, ಮಾಟುಂಗದ ಕಿಂಗ್ಸ್ ಸರ್ಕಲಿನ ಹಳೆಯ ಪುಸ್ತಕದಂಗಡಿಯಲ್ಲಿ ಅವನ್ನು ಮರಳಿ ಕಂಡರೆ, ಮೊದಲು ಮುದ್ರಣದ ವರ್ಷವನ್ನು ನೋಡತಕ್ಕದ್ದು. 1930ರ ಪ್ರಥಮ ಕೃತಿಯಲ್ಲಿ ನಾಯಿಕೆಗೆ 16 ವರ್ಷ. 1959ರ ಪರಿಷ್ಕೃತ ಪಾಠದಲ್ಲಿ 18. ಅಧ್ಯಾಯಗಳು 25ರಿಂದ 20ಕ್ಕೆ ಇಳಿದುವು. ವರ್ಣದ್ವೇಷದ ಚಿತ್ರಣಗಳನ್ನು ತೆಗೆದುದು ಯುಕ್ತವೇ. ಆದರೆ ಅದರೊಡನೆ ಹುಡುಗಿಯ ದಿಟ್ಟ ನಾಲಗೆಯೂ ಮೆತ್ತಗಾಯಿತು. ಒಂದೇ ಶೀರ್ಷಿಕೆಯನ್ನೋದಿದ ತಾಯಿಮಗಳು ಬೇರೆ ಬೇರೆ ನ್ಯಾನ್ಸಿಯರನ್ನು ಕಂಡಿರಬಹುದು! ಕ್ಯಾರೊಲಿನ್ ಕೀನ್ ಎಂಬ ಲೇಖಕಿಯಂತೂ ಇರಲೇ ಇಲ್ಲ. ಅದು ಸ್ಟ್ರಾಟೆಮೆಯರ್ ಸಂಸ್ಥೆಯು ಕಲ್ಪಿಸಿದ ಹೆಸರು. ಆರಂಭದ ಕೃತಿಗಳ ನಿಜವಾದ ಕರ್ತೃ ಮಿಲ್ಡ್ರೆಡ್ ಬೆನ್ಸನ್ ಎಂಬುದು ಬಹಿರಂಗವಾಗಿ ದೃಢಪಟ್ಟುದು 1980ರ ಮೊಕದ್ದಮೆಯೊಂದರಲ್ಲಿ. ಮೊದಮೊದಲು ಆಕೆಗೆ ಪುಸ್ತಕವೊಂದಕ್ಕೆ ದೊರೆತುದು 125 ಡಾಲರು. ಕೃತಿಯ ಮೇಲೆ ಯಾವ ಹಕ್ಕೂ ಇರಲಿಲ್ಲ.