ಸಿಪ್ಪೆಯ ಕಲೆ, ಕಾಯಿಯ ಬೆಲೆ: ಶ್ರೀನಿವಾಸಪುರದ ಮಾವಿನ ದರ್ಜೆ ವಿಂಗಡಣೆಯ ಚರಿತ್ರೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಕರ್ನಾಟಕದ ಮಾವಿನ ಮುಖ್ಯ ನೆಲೆ ಎಂಬುದು ಸರ್ವವಿದಿತ. ಆದರೆ ಆ ಮಾವಿನ ಬೆಲೆಯನ್ನು ರುಚಿ, ತೂಕಗಳ ಜೊತೆಗೆ ಸಿಪ್ಪೆಯ ಮೇಲಿನ ಕಲೆಯೂ ನಿರ್ಧರಿಸುತ್ತ ಬಂದಿದೆ ಎಂಬ ಸಂಗತಿಗೆ ಚರಿತ್ರೆಯ ದೃಷ್ಟಿಯಿಂದ ಸಲ್ಲಬೇಕಾದ ಗಮನ ಸಂದಿಲ್ಲ. ಕಾಯಿಯನ್ನು ಗಾತ್ರ, ಬಲಿತ ಮಟ್ಟ ಮತ್ತು ಮೇಲ್ಮೈಯ ಅಂದಕ್ಕೆ ಅನುಗುಣವಾಗಿ ಬೇರೆಬೇರೆ ರಾಶಿಗಳಾಗಿ ವಿಂಗಡಿಸುವುದಕ್ಕೆ ದರ್ಜೆ ವಿಂಗಡಣೆ ಎನ್ನುತ್ತಾರೆ. ಈ ಕ್ರಿಯೆ ಹೇಗೆ ಬೆಳೆಯಿತು, ಅದರಲ್ಲಿ ಕಲೆಗೆ ಅಷ್ಟು ತೂಕ ಏಕೆ ಬಂದಿತು, ಆ ತೂಕ ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದು ಇಲ್ಲಿಯ ವಿಚಾರ.

ಇಂದಿನ ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಈ ಊರಿಗೆ ಇಟ್ಟರು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನೆಚ್ಚಿದ್ದ ಈ ಸೀಮೆಯ ಕೆಂಪು ಮಣ್ಣಿನ ಬೆದ್ದಲು ಹೊಲಗಳಲ್ಲಿ, ಒಮ್ಮೆ ಬೇರೂರಿದರೆ ಮಳೆಯ ಕೊರತೆಯನ್ನು ತಾಳಿಕೊಳ್ಳುವ ಮಾವು ರೈತನಿಗೆ ಸಹಜವಾಗಿಯೇ ಒಗ್ಗಿತು. ಓಟೆಯಿಂದ ಹುಟ್ಟಿದ ನಾಟಿ ಮಾವಿನಲ್ಲಿ ಒಂದೊಂದು ಮರದ ಕಾಯಿಗೂ ಒಂದೊಂದು ಆಕಾರ, ಒಂದೊಂದು ರುಚಿ ಇರುತ್ತದೆ. ಹಾಗೆ ಒಂದು ಕಾಯಿ ಇನ್ನೊಂದನ್ನು ಹೋಲದ ಕಡೆ ಮಾದರಿ ಕಾಯಿ ಎಂಬುದೇ ಇರುವುದಿಲ್ಲ, ಮಾದರಿಯಿಲ್ಲದ ಕಡೆ ಕಲೆಯನ್ನು ಕೊರತೆಯೆಂದು ಅಳೆಯುವುದೂ ಕಷ್ಟ. ಒಂದು ಮರದ ರೆಂಬೆಯನ್ನು ಇನ್ನೊಂದರ ಬುಡಕ್ಕೆ ಕೂಡಿಸಿ ತಾಯಿಮರದ ಗುಣವನ್ನೇ ಪಡೆಯುವ ಕಸಿ ವಿಧಾನ ವ್ಯಾಪಕವಾದ ಮೇಲೆ ಬಾದಾಮಿ, ರಸಪುರಿ, ತೋತಾಪುರಿ, ಬೇನಿಷಾ, ನೀಲಂ ಮುಂತಾದ ತಳಿಗಳು ಸಾವಿರಾರು ಮರಗಳಲ್ಲಿ ಒಂದೇ ರೂಪದ ಕಾಯಿಯನ್ನು ಕೊಡತೊಡಗಿದವು. ಕಾಯಿಗಳನ್ನು ಒಂದಕ್ಕೊಂದು ಹೋಲಿಸಿ ದರ್ಜೆ ಕಟ್ಟುವುದು ಸಾಧ್ಯವಾದದ್ದು ಈ ಏಕರೂಪತೆಯಿಂದಲೇ. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಗಿ, ಡಾ. ಎಂ.ಎಚ್. ಮರಿಗೌಡರು ಅದರ ನಿರ್ದೇಶಕರಾಗಿ ಒಣಭೂಮಿಯಲ್ಲಿ ಹಣ್ಣಿನ ಬೆಳೆಗೆ ಒತ್ತು ಕೊಟ್ಟ ಕಾಲದಿಂದ ಸರ್ಕಾರಿ ತೋಟಗಳ ಕಸಿ ಸಸಿಗಳು ಹಳ್ಳಿಹಳ್ಳಿಗೂ ತಲುಪಿದವು. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯ ತೋಟಗಾರಿಕೆ ಕ್ಷೇತ್ರ ಇಂದಿಗೂ ಮಾವಿನ ಬೇಸಾಯದ ಮುಖ್ಯ ಕೇಂದ್ರವಾಗಿದೆ.

ಮಂಡಿಗೆ ಬಂದ ಕಾಯಿಯ ಮೇಲಿನ ಕಲೆಗಳೆಲ್ಲ ಒಂದೇ ಜಾತಿಯವಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಸೊನೆಯ ಕಲೆ. ತೊಟ್ಟು ಬುಡದಲ್ಲಿ ಮುರಿದೊಡನೆ ಚಿಮ್ಮುವ ಅಂಟುದ್ರವವೇ ಸೊನೆ. ಅದರಲ್ಲಿರುವ ಎಣ್ಣೆಯಂಶವು ಸಿಪ್ಪೆಯ ಸಣ್ಣ ಉಸಿರುರಂಧ್ರಗಳ ಮೂಲಕ ಒಳಸೇರಿ ಅಲ್ಲಿಯ ಕೋಶಗಳನ್ನು ಸುಡುವುದರಿಂದ, ಸೊನೆ ಹರಿದ ದಾರಿಯುದ್ದಕ್ಕೂ ಕಂದು ಅಥವಾ ಕಪ್ಪು ಗೆರೆಗಳು ಮೂಡುತ್ತವೆ. ದೋಟಿಯಿಂದ ಜಗ್ಗಿ ಕೆಡವಿದ ಕಾಯಿಗೆ ಈ ಕಲೆ ಹೆಚ್ಚು. ಎರಡು ಮೂರು ಸೆಂಟಿಮೀಟರ್ ತೊಟ್ಟು ಉಳಿಸಿ ಕೊಯ್ದು, ಆಮೇಲೆ ತೊಟ್ಟು ಕತ್ತರಿಸಿ, ಕಾಯಿಯನ್ನು ತಲೆಕೆಳಗಾಗಿಟ್ಟು ಸೊನೆ ಬಸಿದರೆ ಸಿಪ್ಪೆ ಶುಭ್ರವಾಗಿ ಉಳಿಯುತ್ತದೆ. ಗಾಳಿಗೆ ರೆಂಬೆ ಉಜ್ಜಿ ಆದ ಗೀರು, ಎಳೆಗಾಯಿಯ ಸಿಪ್ಪೆಯನ್ನು ನುಸಿ ಕೆರೆದು ಬಿಟ್ಟ ಒರಟು ತೇಪೆ, ಬಿಸಿಲಿಗೆ ಹಳದಿಗಟ್ಟಿದ ಪಕ್ಕ ಇವು ಸೊನೆಯ ಕಲೆಯಂತೆಯೇ ಬಹುಮಟ್ಟಿಗೆ ಸಿಪ್ಪೆಯಲ್ಲೇ ನಿಲ್ಲುತ್ತವೆ, ತಿರುಳನ್ನು ಮುಟ್ಟುವುದಿಲ್ಲ.

ಇನ್ನೊಂದು ಜಾತಿಯ ಕಲೆ ಒಳಗಿನ ಕೇಡಿನ ಸೂಚನೆ. ಚಿಬ್ಬು ರೋಗವೆಂಬ ಶಿಲೀಂಧ್ರ ಬಾಧೆ ಎಳೆಗಾಯಿಯಲ್ಲೇ ಸೇರಿಕೊಂಡು ಸುಪ್ತವಾಗಿದ್ದು, ಕಾಯಿ ಹಣ್ಣಾಗುವಾಗ ಕಪ್ಪು ಚುಕ್ಕೆಯಾಗಿ ಹೊರಬಿದ್ದು, ಚುಕ್ಕೆಗಳು ಕೂಡಿಕೊಂಡು ಕೊಳೆಯಾಗುತ್ತದೆ. ಕೋಲಾರದ ರೈತರು ಊಜಿ ಎಂದು ಕರೆಯುವ ಹಣ್ಣಿನ ನೊಣ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುವಾಗ ಉಳಿಯುವ ಗುರುತು ಸೂಜಿಮೊನೆಯಷ್ಟೇ ಆದರೂ ಒಳಗೆ ಹುಳು ತಿರುಳನ್ನು ಕೆಡಿಸುತ್ತಿರುತ್ತದೆ. ಭಾರತದ ಸರಕುಗಳಲ್ಲಿ ಈ ನೊಣದ ಬಾಧೆ ಕಂಡುಬಂದ ಕಾರಣ ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವಿನ ಆಮದನ್ನು ನಿಷೇಧಿಸಿ, 2015ರ ಆರಂಭದಲ್ಲಿ ಅದನ್ನು ತೆರವುಗೊಳಿಸಿತು. ಅಂಗೈಯಗಲದ ಸೊನೆಯ ಕಲೆಗಿಂತ ಕಣ್ಣಿಗೆ ಬೀಳದ ಒಂದು ಚುಚ್ಚು ಹೆಚ್ಚು ಹಾನಿಕರ ಎಂಬುದಕ್ಕೆ ಈ ಪ್ರಸಂಗಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಭೇದವನ್ನು ಬರಹದ ನಿಯಮವಾಗಿಸುವ ಪ್ರಯತ್ನ ಸ್ವಾತಂತ್ರ್ಯಕ್ಕೂ ಮೊದಲೇ ಆರಂಭವಾಯಿತು. ಕೃಷಿ ಉತ್ಪನ್ನಗಳ ದರ್ಜೆ ಮತ್ತು ಮುದ್ರೆಯನ್ನು ಕುರಿತ 1937ರ ಕಾಯ್ದೆಯಿಂದ ಅಗ್‌ಮಾರ್ಕ್ ಮುದ್ರೆ ಹುಟ್ಟಿತು. ಅದರ ಅಡಿಯಲ್ಲಿ 2004ರಲ್ಲಿ ಬಂದ ಹಣ್ಣು ಮತ್ತು ತರಕಾರಿಗಳ ನಿಯಮಗಳು ವಿಶೇಷ, ಒಂದನೇ, ಎರಡನೇ ಎಂಬ ಮೂರು ವರ್ಗಗಳನ್ನು ಮಾಡಿದವು. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ 1993ರಲ್ಲಿ ಮಾವಿಗೆ ಗೊತ್ತುಪಡಿಸಿದ ಮಾನದಂಡ ಕಲೆಯನ್ನು ವಿಸ್ತೀರ್ಣದಿಂದಲೇ ಅಳೆಯುತ್ತದೆ: 200ರಿಂದ 350 ಗ್ರಾಂ ತೂಗುವ ಕಾಯಿಯ ಮೇಲೆ ಉಜ್ಜಿದ ಗುರುತು, ಬಿಸಿಲಿನ ಕಲೆ, ಸೊನೆಯ ಗೆರೆ ಮುಂತಾದವು 3 ಚದರ ಸೆಂಟಿಮೀಟರ್ ಮೀರದಿದ್ದರೆ ಅದು ಒಂದನೇ ವರ್ಗ, 5 ಮೀರದಿದ್ದರೆ ಎರಡನೆಯದು, ದೊಡ್ಡ ಕಾಯಿಗಳಿಗೆ ಈ ಮಿತಿ ಇನ್ನಷ್ಟು ಸಡಿಲ. ಕೊಳೆತ ಅಥವಾ ಕೀಟ ಹೊಕ್ಕ ಕಾಯಿಗಾದರೋ ಕಲೆ ಎಷ್ಟೇ ಚಿಕ್ಕದಿರಲಿ ಯಾವ ವರ್ಗದಲ್ಲೂ ಸ್ಥಾನವಿಲ್ಲ. ಸಿಪ್ಪೆಯ ಕಲೆಗೆ ಅಳತೆಯ ವಿನಾಯಿತಿ, ಒಳಗಿನ ಕೇಡಿಗೆ ಪೂರ್ಣ ನಿರಾಕರಣೆ ಎಂಬುದೇ ಇಲ್ಲಿಯ ತತ್ತ್ವ.

ಮೇಲ್ಮೈಯ ಕಲೆಗೆ ಅಂಕ ಕಳೆಯುವ ಪದ್ಧತಿ ಹಣ್ಣಿನ ಲೋಕಕ್ಕಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಸಂಗ್ರಹಿಸುವವರಿಗಾಗಿ 2000ದಲ್ಲಿ ಆರಂಭವಾದ ಸರ್ಟಿಫೈಡ್ ಗ್ಯಾರಂಟಿ ಕಂಪನಿ ಪ್ರತಿಯೊಂದು ಪ್ರತಿಗೂ 0.5ರಿಂದ 10ರವರೆಗೆ ಅಂಕ ಕೊಡುತ್ತದೆ. ಬೆನ್ನಿನ ಸುಕ್ಕು, ಬಣ್ಣ ಒಡೆದ ಮಡಿಕೆ, ಪಿನ್ನಿನ ತುಕ್ಕು, ತೇವದಿಂದ ಮೂಡಿದ ಕಂದು ಚುಕ್ಕೆ ಇವೆಲ್ಲ ಅಂಕವನ್ನು ಇಳಿಸುತ್ತವೆ, ಅಂಕ ಇಳಿದಂತೆ ಬೆಲೆಯೂ ಇಳಿಯುತ್ತದೆ. ಅಲ್ಲಿ ಇದಕ್ಕೆ ಆಧಾರವಿದೆ: ಒಳಗಿನ ಕಥೆ ಎಲ್ಲ ಪ್ರತಿಗಳಲ್ಲೂ ಒಂದೇ ಆದ್ದರಿಂದ, ಒಂದು ಪ್ರತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಅದು ಉಳಿದುಬಂದ ಸ್ಥಿತಿಯೇ. ಮಾವಿನದು ಇದಕ್ಕೆ ವಿರುದ್ಧ. ಸಿಪ್ಪೆ ಬಿಸಾಡುವ ವಸ್ತು, ತಿರುಳು ತಿನ್ನುವ ವಸ್ತು. ಆದ್ದರಿಂದ ಸಿಪ್ಪೆಯ ಕಲೆ ತಿರುಳಿನ ಬಗ್ಗೆ ಏನನ್ನಾದರೂ ತಿಳಿಸಿದಾಗ ಮಾತ್ರ ಅದಕ್ಕೆ ಅರ್ಥವುಂಟು.

ನುಣುಪಾದ ಸಿಪ್ಪೆಯನ್ನು ಪೂರ್ತಿಯಾಗಿ ನಂಬುವಂತೆಯೂ ಇಲ್ಲ. ಬಾದಾಮಿ ತಳಿಯ ಹಣ್ಣಿನಲ್ಲಿ ತಿರುಳಿನ ಒಂದು ಭಾಗ ಹಣ್ಣಾಗದೆ, ಬಿಳುಚಿ, ಹುಳಿಯಾಗಿ ಸ್ಪಂಜಿನಂತಾಗುವ ದೋಷವಿದೆ. ಹೊರಗೆ ಇದರ ಸುಳಿವೇ ಸಿಗದ ಕಾರಣ ಅತ್ಯುತ್ತಮ ದರ್ಜೆಯಲ್ಲಿ ಮಾರಾಟವಾದ ಹಣ್ಣೂ ಕೊಯ್ದ ಮೇಲೆ ನಿರುಪಯುಕ್ತವಾಗಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಾದಾಮಿ ಮತ್ತು ಬಂಗನಪಲ್ಲಿಗಳನ್ನು ಸಂಕರಿಸಿ ಪಡೆದ ಅರ್ಕಾ ಪುನೀತ್ ತಳಿ ಈ ದೋಷದಿಂದ ಮುಕ್ತವಾಗಿದೆ.

ಕಲೆಯ ಕಾಯಿಗೆ ಗೌರವದ ಬೆಲೆಯ ದಾರಿ ತೋರಿದ್ದು ತಿರುಳಿನ ಉದ್ಯಮ. ಗಿಣಿಮೂತಿ ಎಂದೂ ಹೆಸರಾದ ತೋತಾಪುರಿಯನ್ನು ಹಿಂಡಿ ಡಬ್ಬಿಗೆ ತುಂಬುವ ಕಾರ್ಖಾನೆಗೆ ಸಿಪ್ಪೆಯ ಗೆರೆಯಿಂದ ನಷ್ಟವಿಲ್ಲ. ಕಾಯಿ ಬಲಿತಿದ್ದು, ಕೊಳೆಯದಿದ್ದರೆ ಸಾಕು. ಆದರೆ ಇಂಥ ಕಾರ್ಖಾನೆಗಳು ಬಹುವಾಗಿ ಗಡಿಯಾಚೆಯ ಚಿತ್ತೂರು ಮತ್ತು ಕೃಷ್ಣಗಿರಿಯ ಕಡೆ ಇರುವುದರಿಂದ ಶ್ರೀನಿವಾಸಪುರದ ರೈತ ಅವುಗಳ ಬಾಗಿಲನ್ನೇ ಕಾಯಬೇಕಾಯಿತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯ ಪ್ರವೇಶವನ್ನು ತಡೆದಾಗ ಬೆಲೆ ಕುಸಿದು ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಕ್ವಿಂಟಲಿಗೆ 1,616 ರೂಪಾಯಿ ದರವನ್ನು ಆಧಾರವಾಗಿಟ್ಟು ನೆರವಿಗೆ ಒಪ್ಪಿತು. ಆ ವರ್ಷ ಕಲೆಯಿಲ್ಲದ ತೋತಾಪುರಿಯೂ ಬೆಲೆಯಿಲ್ಲದೆ ಉಳಿಯಿತು.

ಈ ಚರಿತ್ರೆಯಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಕಲೆಯ ಮೂಲವನ್ನು ವಿಚಾರಿಸದೆ ಕಣ್ಣಂದಾಜಿನಿಂದ ದರ್ಜೆ ಇಳಿಸಿದರೆ ನಷ್ಟ ಬೆಳೆದವನಿಗೆ, ಕೊಂಡವನಿಗೆ ಅದರಿಂದ ಲಾಭವೇನೂ ಇಲ್ಲ. ಊಜಿ ಚುಚ್ಚಿದ ಕಾಯಿಯನ್ನು ಕಡೆಗಣಿಸಿದರೆ ನಷ್ಟ ಇಬ್ಬರಿಗೂ. ತೊಟ್ಟು ಉಳಿಸಿ ಕೊಯ್ಯುವ ಶಿಸ್ತು ತೋಟದಲ್ಲಿ, ಬರಹದ ಮಾನದಂಡವನ್ನು ಹರಾಜಿಗೆ ಮೊದಲೇ ಎಲ್ಲರೆದುರು ಅನ್ವಯಿಸುವ ಶಿಸ್ತು ಮಂಡಿಯಲ್ಲಿ, ತಿರುಳಿನ ಕಾರ್ಖಾನೆ ತಾಲ್ಲೂಕಿನ ಒಳಗೆ, ಈ ಮೂರೂ ಕೂಡಿಬರಬೇಕು. ಗ್ರಾಹಕರೂ ಸೊನೆಯ ಗೆರೆಯಿರುವ ಶ್ರೀನಿವಾಸಪುರದ ಹಣ್ಣನ್ನು ಪಕ್ಕಕ್ಕೆ ಸರಿಸುವ ಮುನ್ನ ಅದು ಸಿಪ್ಪೆಯ ಕಲೆಯಷ್ಟೇ ಎಂಬುದನ್ನು ನೆನೆಯಬೇಕು.