ನಾಲ್ಕು ವರ್ಷ ಕಾಯಲು ಒಪ್ಪದ ಫಾರ್ವರ್ಡ್

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ 1971ರವರೆಗೂ ಒಂದು ಕಟ್ಟುಪಾಡಿತ್ತು. ಹುಡುಗನ ಹೈಸ್ಕೂಲ್ ಮುಗಿದು ನಾಲ್ಕು ವರ್ಷ ತುಂಬುವ ತನಕ ಯಾವ ತಂಡವೂ ಅವನನ್ನು ಸೇರಿಸಿಕೊಳ್ಳುವಂತಿಲ್ಲ. ಅಲ್ಲಿಯವರೆಗೆ ಕಾಲೇಜಿಗೆ ಆಡಿಕೊಂಡಿರಬೇಕು. ಜನ ಟಿಕೆಟ್ ಕೊಂಡು ನೋಡಲು ಬರುತ್ತಿದ್ದರು, ಕೋಚ್‌ಗೆ ಸಂಬಳವಿತ್ತು. ಆಡುವವನಿಗೆ ಸಿಗುತ್ತಿದ್ದದ್ದು ಫೀಸು, ಊಟ, ವಸತಿ ಮಾತ್ರ. ಹುಡುಗರ ಓದು ಕೆಡಬಾರದಲ್ಲ, ಅದಕ್ಕೆ ಎಂಬ ಸಮಜಾಯಿಷಿ ಬೇರೆ. ಕಾರ್ಮಿಕ ನ್ಯಾಯಾಲಯದಲ್ಲಿ ವಾದ ಮಾಡುತ್ತಲೇ ತಲೆ ನೆರೆತ ನನಗೆ ಇಂಥ ಕಾಳಜಿಯ ಮಾತು ಹೊಸದಲ್ಲ. ಬಿಡಿಗಾಸು ಖರ್ಚಿಲ್ಲದೆ ಪಳಗಿದ ಆಟಗಾರ ತಾನಾಗಿ ಬಾಗಿಲಿಗೆ ಬರುತ್ತಾನೆಂದರೆ ಯಾವ ಮಾಲೀಕ ಬೇಡವೆಂದಾನು?

ಈ ಕಟ್ಟುಪಾಡನ್ನು ಕೋರ್ಟಿಗೆಳೆದವನು ಸ್ಪೆನ್ಸರ್ ಹೇವುಡ್. 1949ರಲ್ಲಿ ಮಿಸಿಸಿಪ್ಪಿ ರಾಜ್ಯದ ಸಿಲ್ವರ್ ಸಿಟಿ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ. ಹತ್ತು ಮಕ್ಕಳ ಕರಿಯರ ಮನೆ. ತಾಯಿ ಕೂಲಿಗೆ ಹತ್ತಿ ಬಿಡಿಸುತ್ತಿದ್ದರು, ಈತನೂ ಚಿಕ್ಕಂದಿನಲ್ಲೇ ಹೊಲಕ್ಕಿಳಿದ. ಮುಂದೆ ಡೆಟ್ರಾಯಿಟ್ ಸೇರಿ, 1967ರಲ್ಲಿ ಪರ್ಶಿಂಗ್ ಹೈಸ್ಕೂಲಿಗೆ ರಾಜ್ಯ ಪ್ರಶಸ್ತಿ ಗೆದ್ದುಕೊಟ್ಟ. ಬುಟ್ಟಿಯ ಬಳಿ ಆಡುವ ಫಾರ್ವರ್ಡ್, ಆರಡಿ ಎಂಟಿಂಚು ಎತ್ತರ. ರಿಬೌಂಡಿಗೆ, ಎಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಜಿಗಿದನೆಂದರೆ ಅದು ಇನ್ನೊಬ್ಬರ ಕೈಗೆ ಸಿಗುವುದು ಕಷ್ಟ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಆ ಕಾಲದ ಮಹಾನ್ ಕಾಲೇಜು ಆಟಗಾರ ಲೂ ಆಲ್ಸಿಂಡರ್ (ಮುಂದೆ ಕರೀಮ್ ಅಬ್ದುಲ್ ಜಬ್ಬಾರ್) ಹೋಗಲಿಲ್ಲ. ಹತ್ತೊಂಬತ್ತರ ಹೇವುಡ್ ಹೋದ, ಅಮೆರಿಕ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿ ಚಿನ್ನ ತಂದ. ಮರುಋತುವಿನಲ್ಲಿ ಡೆಟ್ರಾಯಿಟ್ ವಿಶ್ವವಿದ್ಯಾಲಯಕ್ಕೆ ಆಡಿದಾಗ ಪಂದ್ಯಕ್ಕೆ ಸರಾಸರಿ 32.1 ಅಂಕ, 21.5 ರಿಬೌಂಡ್.

ಕಾಲೇಜಿನಲ್ಲಿ ನಾನೂ ಆಡಿದವನೇ. ನಮ್ಮಲ್ಲಿ ಚೆನ್ನಾಗಿ ಆಡುವವನು ಆಸೆಪಡುತ್ತಿದ್ದದ್ದು ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕ್ರೀಡಾ ಕೋಟಾದ ನೌಕರಿಗೆ. ಹೇವುಡ್‌ನ ಕಣ್ಣೆದುರು ಲಕ್ಷಗಟ್ಟಲೆ ಡಾಲರ್ ಇತ್ತು, ಮುಟ್ಟುವಂತಿರಲಿಲ್ಲ.

ಎನ್‌ಬಿಎಗೆ ಪೈಪೋಟಿ ಕೊಡುತ್ತಿದ್ದ ಎಬಿಎ ಎಂಬ ಲೀಗ್, ಮನೆಯ ಕಷ್ಟವನ್ನು ಕಾರಣವಾಗಿ ಒಪ್ಪಿಕೊಂಡು 1969ರಲ್ಲಿ ಅವನಿಗೆ ಬಾಗಿಲು ತೆರೆಯಿತು. ಡೆನ್ವರ್ ರಾಕೆಟ್ಸ್ ಪರ ಮೊದಲ ವರ್ಷವೇ ಶ್ರೇಷ್ಠ ಹೊಸ ಆಟಗಾರ, ಶ್ರೇಷ್ಠ ಆಟಗಾರ ಎರಡೂ ಪ್ರಶಸ್ತಿ ಅವನ ಪಾಲಾದವು. ಆಮೇಲೆ ಹೊಸ ಒಪ್ಪಂದ ಬಂತು, 19 ಲಕ್ಷ ಡಾಲರಿನದು ಎಂದು ಸುದ್ದಿಯಾಯಿತು. ಒಳಗಿನ ಕರಾರು ಓದಿದರೆ ಬೇರೆಯೇ ಕಥೆ: ಅದರಲ್ಲಿ ದೊಡ್ಡ ಪಾಲು ಅವನಿಗೆ ನಲವತ್ತು ತುಂಬಿದ ಮೇಲೆ ವರ್ಷವರ್ಷವೂ ಕಂತಿನಲ್ಲಿ ಬರುವಂಥದ್ದು. ವಕೀಲರಿಲ್ಲದೆ ಸಹಿ ಹಾಕಿದರೆ ಹೀಗೇ. ಹೇವುಡ್ ಆ ತಂಡ ಬಿಟ್ಟು, ಸ್ಯಾಮ್ ಶುಲ್ಮನ್ ಕರೆದನೆಂದು 1970ರ ಕೊನೆಗೆ ಆತನ ಒಡೆತನದ ಎನ್‌ಬಿಎಯ ಸಿಯಾಟಲ್ ಸೂಪರ್‌ಸಾನಿಕ್ಸ್ ಸೇರಿದ. ಆರು ವರ್ಷಕ್ಕೆ 15 ಲಕ್ಷ ಡಾಲರ್. ಲೀಗ್ ಒಪ್ಪಲಿಲ್ಲ; ಅವನ ತರಗತಿಯವರಿಗೆ ನಾಲ್ಕು ವರ್ಷ ತುಂಬುವುದು 1971ಕ್ಕೆ.

ಹೇವುಡ್ ಮತ್ತು ಶುಲ್ಮನ್ ಕೋರ್ಟಿಗೆ ಹೋದರು. ತಂಡಗಳೆಲ್ಲ ಒಟ್ಟಾಗಿ ಒಬ್ಬನಿಗೆ ಕೆಲಸ ಕೊಡಬಾರದೆಂದು ಮಾತಾಡಿಕೊಳ್ಳುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂಬುದು ವಾದ. ಮೊಕದ್ದಮೆ ನಡೆದಷ್ಟೂ ಕಾಲ ಪಟ್ಟ ಪಾಡನ್ನು ಹೇವುಡ್ ತಾನೇ ಹೇಳಿಕೊಂಡಿದ್ದಾನೆ. ಪರವೂರಿನ ಅಂಗಳಕ್ಕಿಳಿದರೆ, ಕಾನೂನುಬಾಹಿರ ಆಟಗಾರನೊಬ್ಬ ಆಡುತ್ತಿದ್ದಾನೆ ಎಂದು ಮೈಕಿನಲ್ಲಿ ಸಾರುತ್ತಿದ್ದರಂತೆ. ಜನ ಬೈಯುತ್ತಿದ್ದರು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಸಿನ್ಸಿನಾಟಿಯಲ್ಲಂತೂ ಸ್ಟೇಡಿಯಂನಿಂದಲೇ ಹೊರಗಟ್ಟಿದರಂತೆ, ಬೀಳುವ ಹಿಮದಲ್ಲಿ.

1971ರ ಮಾರ್ಚ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವನಿಗೆ ನಡುವೆ ತಪ್ಪಿದ್ದ ಆಡುವ ಅವಕಾಶವನ್ನು ಮರಳಿ ಕೊಟ್ಟರು. ಆಟಗಾರನ ವೃತ್ತಿಬದುಕು ಗಿಡ್ಡ, ಕೇಸು ಮುಗಿಯುವತನಕ ಕೂರಿಸಿದರೆ ಅದೇ ತುಂಬಲಾರದ ನಷ್ಟ ಎಂಬ ಧಾಟಿಯ ಆದೇಶವದು. ಅದೇ ತಿಂಗಳು ಲಾಸ್ ಏಂಜಲೀಸ್‌ನ ಕೆಳಗಿನ ನ್ಯಾಯಾಲಯ ನಾಲ್ಕು ವರ್ಷದ ನಿಯಮವನ್ನೇ ಅಕ್ರಮವೆಂದಿತು. ಲೀಗ್ ರಾಜಿಗೆ ಬಂತು. ಮೊದಮೊದಲು ಬಡತನ ಸಾಬೀತುಮಾಡಿದವರಿಗೆ ಮಾತ್ರ ಪ್ರವೇಶ ಕೊಟ್ಟರು. 1976ರಲ್ಲಿ ಆ ಮುಜುಗರವೂ ತಪ್ಪಿತು.

ಹೇವುಡ್‌ನ ಮುಂದಿನ ದಾರಿ ಸಲೀಸಾಗಿರಲಿಲ್ಲ. 1980ರ ಫೈನಲ್ಸ್ ಹೊತ್ತಿಗೆ ಕೊಕೇನ್ ಚಟದಿಂದಾಗಿ, ಆಗ ಆಡುತ್ತಿದ್ದ ಲೇಕರ್ಸ್ ತಂಡ ಅವನನ್ನು ಹೊರಗಿಟ್ಟಿತು. ಚಟದಿಂದ ಹೊರಬಂದ. ಬಾಸ್ಕೆಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 2015ರಲ್ಲಿ. ಇಷ್ಟು ತಡಮಾಡಿದ್ದಕ್ಕೆ ಹಳೆಯ ಮೊಕದ್ದಮೆಯ ಕಹಿಯೂ ಕಾರಣವಿರಬೇಕು ಎಂದು ನನ್ನ ಗುಮಾನಿ.

ಮುಂದೆ ತಾರೆಗಳಾದ ಕೆವಿನ್ ಗಾರ್ನೆಟ್, ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹಾರಿದ್ದು ಈ ಗೆಲುವಿನ ಮೇಲೆಯೇ. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಕೂತು ಹತ್ತೊಂಬತ್ತರ ವಯಸ್ಸಿನ ಮಿತಿ ಹಾಕಿದವು. ಹೀಗಾಗಿ ಇನ್ನೊಬ್ಬ ತಾರೆ ಕೆವಿನ್ ಡ್ಯುರಾಂಟ್ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ಋತು ಆಡಿದ; 2007ರಲ್ಲಿ ಅವನನ್ನು ಆರಿಸಿಕೊಂಡದ್ದು ಅದೇ ಸಿಯಾಟಲ್ ತಂಡ. ಡ್ಯೂಕ್ ವಿಶ್ವವಿದ್ಯಾಲಯದ ಫಾರ್ವರ್ಡ್ ಕೂಪರ್ ಫ್ಲ್ಯಾಗ್ ಕೂಡ ಒಂದು ವರ್ಷ ಆಡಿ, 2025ರಲ್ಲಿ ಲೀಗ್ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಆಯ್ಕೆಯಲ್ಲಿ ಮೊದಲಿಗನಾಗಿ ಡಲ್ಲಾಸ್ ಸೇರಿದ. 2021ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡಿಯಬಹುದಾಗಿದೆ. ಓದು ಕೆಡುತ್ತದೆಂಬ ಕೂಗು ಈಗ ಅಷ್ಟಾಗಿ ಕೇಳಿಸುವುದಿಲ್ಲ.

ಎಳೆಯ ಆಟಗಾರರ ಪ್ರವೇಶದ ನಿಯಮಕ್ಕೆ ತನ್ನ ಹೆಸರಿಡಿ ಎಂದು ಹೇವುಡ್ ವರ್ಷಗಳಿಂದ ಕೇಳುತ್ತ ಬಂದಿದ್ದಾನೆ. ನನ್ನನ್ನು ಕೇಳಿದರೆ, ಇಡಲೇಬೇಕು. ಅವನು ಬದುಕಿರುವಾಗಲೇ ಇಡಬೇಕು.