ಹೋಲಿಕೆಯ ತಕರಾರು: ರೆಂಬ್ರಾಂಟ್ ಮತ್ತು ಬಿಶನ್‌ದಾಸ್

ಹಣ ಕೊಟ್ಟು ಬರೆಸಿದ ಭಾವಚಿತ್ರವನ್ನು ಗಿರಾಕಿಯೇ ‘ಇದು ಹೋಲುತ್ತಿಲ್ಲ’ ಎಂದು ತಳ್ಳಿಹಾಕಿದರೆ ಕಲಾವಿದನ ಗತಿಯೇನು? ಬಡಗಿ ಮಾಡಿದ ಮೇಜನ್ನು ಒಬ್ಬರು ಬೇಡವೆಂದರೆ ಇನ್ನೊಬ್ಬರು ಕೊಳ್ಳುತ್ತಾರೆ. ಯಾರದೋ ಮನೆಯ ಹೆಣ್ಣುಮಗಳ ಮುಖವನ್ನು ಬೇರೆಯವರು ಯಾಕೆ ಕೊಳ್ಳಬೇಕು? ಈ ಜಗಳ ಇಂದು ನಿನ್ನೆಯದಲ್ಲ. ಹದಿನೇಳನೇ ಶತಮಾನದ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದು ನೋಟರಿಯವರೆಗೂ ಹೋಗಿತ್ತು.

1654ರ ಫೆಬ್ರವರಿ 23ರಂದು ದಿಯೇಗೊ ದಾಂದ್ರಾದಾ ಎಂಬ ಪೋರ್ಚುಗೀಸ್ ವ್ಯಾಪಾರಿ ಚಿತ್ರಕಾರ ರೆಂಬ್ರಾಂಟನಿಗೆ ನೋಟರಿಯ ಮೂಲಕ ತಕರಾರು ಕಳಿಸಿದ. ಯುವತಿಯೊಬ್ಬಳ ಭಾವಚಿತ್ರಕ್ಕಾಗಿ ಅವನು 75 ಗಿಲ್ಡರ್ ಮುಂಗಡ ಕೊಟ್ಟಿದ್ದ. ಚಿತ್ರ ಅವಳಂತೆ ಕಾಣುತ್ತಿಲ್ಲ. ಅವಳು ಊರು ಬಿಡುವ ಮೊದಲು ತಿದ್ದಿಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು ಎಂಬುದು ಅವನ ಬೇಡಿಕೆ.

ರೆಂಬ್ರಾಂಟ್ ಅಂಗಲಾಚಲಿಲ್ಲ, ಸಿಟ್ಟಾಗಿ ಚಿತ್ರವನ್ನು ಹರಿದೂ ಹಾಕಲಿಲ್ಲ. ಬಾಕಿ ಹಣ ಕೊಡುವವರೆಗೆ ಅಥವಾ ಅದಕ್ಕೆ ಜಾಮೀನು ಒದಗಿಸುವವರೆಗೆ ಕುಂಚ ಮುಟ್ಟುವುದಿಲ್ಲ ಎಂದ. ಚಿತ್ರ ಮುಗಿದ ಮೇಲೆ ಅದು ಹೋಲುತ್ತದೆಯೋ ಇಲ್ಲವೋ ಎಂಬುದನ್ನು ಚಿತ್ರಕಾರರ ವೃತ್ತಿಸಂಘವಾದ ಸಂತ ಲ್ಯೂಕ್ ಸಂಘದ ಹಿರಿಯರು ತೀರ್ಮಾನಿಸಲಿ, ಅವರು ಹೋಲುವುದಿಲ್ಲ ಎಂದರೆ ತಿದ್ದುತ್ತೇನೆ ಎಂದ. ಅಷ್ಟಾದರೂ ಗಿರಾಕಿಗೆ ಒಪ್ಪಿಗೆಯಾಗದಿದ್ದರೆ ಚಿತ್ರ ತನ್ನಲ್ಲೇ ಇರಲಿ, ಮುಂದೆ ತನ್ನ ಚಿತ್ರಗಳನ್ನು ಹರಾಜು ಹಾಕುವಾಗ ಅದನ್ನೂ ಸೇರಿಸುತ್ತೇನೆ ಎಂದ.

ಈ ಉತ್ತರವನ್ನು ನಾವು ಅಹಂಕಾರ ಎಂದು ಓದಬೇಕಿಲ್ಲ. ತಿದ್ದಲು ಅವನು ತಯಾರಿದ್ದ. ಕೂಲಿ ಬಿಡಲು ತಯಾರಿರಲಿಲ್ಲ. ಗಿರಾಕಿಯೇ ಫಿರ್ಯಾದಿಯೂ ನ್ಯಾಯಾಧೀಶನೂ ಆಗುವುದನ್ನು ಒಪ್ಪದೆ, ತಾನೂ ಆ ಪೀಠದಲ್ಲಿ ಕೂರದೆ, ಮೂರನೆಯವರ ಕಣ್ಣನ್ನು ಸಾಕ್ಷಿಗೆ ಕರೆದ.

ಇದೇ ಮೂರನೆಯ ಕಣ್ಣು ನಮ್ಮ ಮೊಗಲ್ ಇತಿಹಾಸದಲ್ಲೂ ಕಾಣಸಿಗುತ್ತದೆ. 1613ರಲ್ಲಿ ಜಹಾಂಗೀರ್ ಬಾದಶಹನು ಖಾನ್ ಆಲಮ್‌ನ ರಾಯಭಾರದೊಂದಿಗೆ ಬಿಶನ್‌ದಾಸ್ ಎಂಬ ಚಿತ್ರಕಾರನನ್ನು ಇರಾನಿಗೆ ಕಳಿಸಿದ. ಅಲ್ಲಿನ ದೊರೆ ಶಾ ಅಬ್ಬಾಸನ ಮುಖವನ್ನು ಬರೆದು ತರುವುದು ಅವನ ಕೆಲಸ. ಬರೆಸಿದ ಜಹಾಂಗೀರ್ ಆ ದೊರೆಯನ್ನು ಕಣ್ಣಾರೆ ಕಂಡವನೇ ಅಲ್ಲ. ಹಾಗಾಗಿ ಶಾನನ್ನು ಬಲ್ಲವರಿಗೆಲ್ಲ ಚಿತ್ರ ತೋರಿಸಿ ಕೇಳಿದ; ಅವರು ಚೆನ್ನಾಗಿ ಬಂದಿದೆ ಎಂದದ್ದನ್ನು ತನ್ನ ಆತ್ಮಕಥನದಲ್ಲಿ ದಾಖಲಿಸಿದ. 1620ರಲ್ಲಿ ಮರಳಿ ಬಂದ ಬಿಶನ್‌ದಾಸನಿಗೆ ಆನೆಯೊಂದು ಇನಾಮಾಗಿ ದೊರೆಯಿತು.

ಆದರೆ ಇಬ್ಬರ ಬದುಕಿನ ನೆಲೆ ಒಂದೇ ಆಗಿರಲಿಲ್ಲ. ಅಕ್ಬರನ ಕಾಲದಲ್ಲಿ ಚಿತ್ರಶಾಲೆಯ ಕೆಲಸಗಳನ್ನು ವಾರಕ್ಕೊಮ್ಮೆ ಬಾದಶಹನ ಮುಂದಿಡುತ್ತಿದ್ದರು. ಗುಣ ನೋಡಿ ಅವನು ಬಹುಮಾನ ಕೊಡುತ್ತಿದ್ದ, ಇಲ್ಲವೇ ತಿಂಗಳ ಸಂಬಳ ಏರಿಸುತ್ತಿದ್ದ ಎಂದು ‘ಐನ್-ಇ-ಅಕ್ಬರಿ’ ಹೇಳುತ್ತದೆ. ದರ್ಬಾರಿನ ಚಿತ್ರಕಾರನಿಗೆ ಒಡೆಯನೊಬ್ಬನೇ, ಆದರೆ ಸಂಬಳವಿತ್ತು. ಮಾರುಕಟ್ಟೆಯ ಚಿತ್ರಕಾರನಿಗೆ ಒಡೆಯನಿಲ್ಲ, ಸಂಬಳವೂ ಇಲ್ಲ. ಅವನಿಗಿದ್ದುದು ಮುಂಗಡ, ಕರಾರು ಮತ್ತು ವೃತ್ತಿಸಂಘ.

ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರವನ್ನು ಬರೆಸಿದವರೇ ತಿರಸ್ಕರಿಸಿದರು, ಅಲ್ಲಿಂದ ಅವನ ಪತನ ಶುರುವಾಯಿತು ಎಂಬ ಕತೆ ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ. 1642ರ ಆ ಚಿತ್ರದಲ್ಲಿದ್ದವರು ತಲಾ ಸುಮಾರು 100 ಗಿಲ್ಡರ್ ಕೊಟ್ಟಿದ್ದರು. ಚಿತ್ರ ಅವರ ಸಭಾಂಗಣದಲ್ಲೇ ತೂಗಿತ್ತು. ನಿಜವಾದ ಪೆಟ್ಟುಗಳು ಬಿದ್ದದ್ದು ನಂತರ. 1656ರಲ್ಲಿ ಅವನು ದಿವಾಳಿಯಾದ. ನಗರಸಭಾ ಭವನಕ್ಕೆ ಬರೆದ ‘ಕ್ಲಾಡಿಯಸ್ ಸಿವಿಲಿಸ್’ ಎಂಬ ಬೃಹತ್ ಚಿತ್ರ 1662ರಲ್ಲಿ ಗೋಡೆಯೇರಿ, ಅದೇ ವರ್ಷ ಕೆಳಗಿಳಿಯಿತು. ಐದು ಮೀಟರಿಗೂ ಎತ್ತರವಿದ್ದ ಅದನ್ನು ಕತ್ತರಿಸಲಾಯಿತು. ಉಳಿದ ತುಂಡು ಇಂದು ಸ್ಟಾಕ್‌ಹೋಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹೆಮ್ಮೆ. ಅದೇ 1662ರಲ್ಲಿ ಅವನು ಬಟ್ಟೆ ಪರೀಕ್ಷಕರ ಸಂಘಕ್ಕಾಗಿ ಅದರ ಅಧಿಕಾರಿಗಳ ಗುಂಪುಚಿತ್ರವನ್ನು ಬರೆದುಕೊಟ್ಟ. ಒಂದು ಬಾಗಿಲು ಮುಚ್ಚಿತೆಂದು ಕುಂಚ ಕೆಳಗಿಡಲಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಮುಟ್ಟುತ್ತದೆ. ಸಾಲದಲ್ಲಿ ಮುಳುಗಿದ್ದ ಆ ವರ್ಷಗಳಲ್ಲೇ ರೆಂಬ್ರಾಂಟ್ ಹಿಂದೂಸ್ತಾನದಿಂದ ಹಾಲೆಂಡಿಗೆ ತಲುಪಿದ್ದ ಮೊಗಲ್ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬರೆದ. ಜಹಾಂಗೀರ್, ಶಹಜಹಾನ್‌ರ ಮುಖಗಳು ಅವುಗಳಲ್ಲಿವೆ. ಯಾವ ಗಿರಾಕಿಯೂ ಅವುಗಳಿಗೆ ಮುಂಗಡ ಕೊಟ್ಟಂತಿಲ್ಲ. ಬೇರೊಂದು ನಾಡಿನ ಕಲಾವಿದರು ಮುಖವನ್ನು ಹೇಗೆ ಕಂಡರು ಎಂದು ಕಲಿಯುವ ಆಸೆಯಷ್ಟೇ ಸಾಕಾಗಿತ್ತು.

ದುಡಿಮೆಗೆ ನ್ಯಾಯವಾದ ಕೂಲಿ, ತಕರಾರಿಗೆ ನಿಷ್ಪಕ್ಷಪಾತ ತೀರ್ಪು, ಸೋತಾಗಲೂ ಕಲಿಯುವ ಮನಸ್ಸು — ತಿರಸ್ಕಾರದ ಎದುರು ಕಸುಬುದಾರ ಎದ್ದು ನಿಲ್ಲಲು ಇವಿಷ್ಟು ಬೇಕು. ಮೊದಲ ಎರಡನ್ನು ಸಮಾಜ ಒದಗಿಸಬೇಕು. ಮೂರನೆಯದನ್ನು ಅವನೇ ಉಳಿಸಿಕೊಳ್ಳಬೇಕು.